ಗೋಡೆಯಾಚೆಯ ದಾಸ್ತಾನು

ಫ್ಲೂ ಜ್ವರದ ಚುಚ್ಚುಮದ್ದನ್ನು ನಾನು ಮೊದಲ ಸಲ ಹಾಕಿಸಿಕೊಂಡದ್ದು ಆರೋಗ್ಯದ ಮೇಲಿನ ಕಾಳಜಿಯಿಂದಲ್ಲ. ಸಿಯಾಟಲ್ ಪಕ್ಕದ ರೆಂಟನ್ನಿನ ನಮ್ಮ ಮನೆಯ ಹತ್ತಿರದ ದಿನಸಿ ಅಂಗಡಿಗೆ ಹಾಲು ತರಲು ಹೋಗಿದ್ದೆ. ಒಳಗೆ ಉದ್ದನೆಯ ಸಾಲೊಂದಿತ್ತು. ಅದರ ಕೊನೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ, ತಲೆಗೆ ಹೂವಿನ ಸ್ಕಾರ್ಫು ಕಟ್ಟಿಕೊಂಡು, ಮುಂದಿನವರ ಬೆನ್ನಿಗೆ ಅಂಟಿಕೊಂಡಂತೆ ನಿಂತಿದ್ದರು.

“ಏನು ಕೊಡ್ತಿದಾರೆ?” ಎಂದು ಕೇಳಿದೆ.

“ಗೊತ್ತಿಲ್ಲ. ಸುಮ್ಮಸುಮ್ಮನೆ ಯಾರಾದ್ರೂ ಸಾಲು ನಿಲ್ತಾರಾ? ಬನ್ನಿ, ಹಿಂದೆ ನಿಂತ್ಕೊಳ್ಳಿ. ಮೊದಲು ನಿಲ್ಲೋದು, ಆಮೇಲೆ ಕೇಳೋದು.”

ನಾನು ಹುಟ್ಟಾ ಹೆದರುಪುಕ್ಕಲ. ಬಿಟ್ಟು ಹೋದರೆ ಏನು ಕಳೆದುಕೊಂಡೇನೋ ಎಂದು ನಿಂತೆ. ಸಾಲು ತಿರುವು ದಾಟಿದಾಗ ಔಷಧಿ ಕೌಂಟರು ಕಾಣಿಸಿತು, ಅದರ ಮುಂದೆ ಅಂಗಿಯ ತೋಳು ಮಡಚಿ ಕುಳಿತವರು ಕಾಣಿಸಿದರು. ಆ ಹೊತ್ತಿಗೆ ನಮ್ಮ ಹಿಂದೆಯೂ ಜನ ಸೇರಿದ್ದರಿಂದ ತಪ್ಪಿಸಿಕೊಂಡು ಓಡಲು ನನಗೆ ನಾಚಿಕೆಯಾಯಿತು. ಅಜ್ಜಿ ಮಾತ್ರ ಕೊಂಚವೂ ವಿಚಲಿತರಾಗದೆ ಕೋಟು ಬಿಚ್ಚಿ ತೋಳು ಚಾಚಿದರು. ಹೊರಗೆ ಬಂದಮೇಲೆ, “ಕೊಟ್ಟರು, ತಗೊಂಡ್ವಿ” ಎಂದು ಸಮಾಧಾನದಿಂದ ನಡೆದರು. ನಾನು ಹಾಲು ತರುವುದನ್ನು ಮರೆತಿದ್ದೆ.

“ಹಾಲ್ ತರಾಕ ಹೋದವ್ರು ಸೂಜಿ ಚುಚ್ಚಿಸ್ಕೊಂಡ್ ಬಂದೀರಿ,” ಎಂದಳು ಹೆಂಡತಿ. “ನಾಳೆ ಉಪ್ಪು ತರಾಕ ಕಳಿಸಿದ್ರ ಹಲ್ಲು ಕೀಳಿಸ್ಕೊಂಡ್ ಬರ್ತೀರೇನು?”

ನಮ್ಮ ಮನೆ, ಅಜ್ಜಿಯ ಮನೆ ಎರಡೂ ಒಂದೇ ಕಟ್ಟಡದ ಎರಡು ಅರ್ಧಗಳು. ನಡುವೆ ಒಂದೇ ಗೋಡೆ. ನಾವು ಕುಕ್ಕರ್ ಇಟ್ಟರೆ ಸೀಟಿಗಳನ್ನು ಅವರೂ ಕೇಳಬೇಕು, ಅವರು ಮಾಂಸ ಬಡಿದು ಮೆತ್ತಗೆ ಮಾಡಿದರೆ ನಮ್ಮ ದೇವರ ಫೋಟೊ ಅಲುಗಬೇಕು. ಅವರು ರೊಮೇನಿಯಾದವರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳು ಸಮಾಮಿಶ್‌ನ ದಿಬ್ಬದ ಮೇಲೆ ದೊಡ್ಡ ಮನೆಯಲ್ಲಿದ್ದಳು. ಅಜ್ಜಿಯ ಇಂಗ್ಲಿಷಿನಲ್ಲಿ ನಾಮಪದಗಳೇ ಹೆಚ್ಚು. ಕ್ರಿಯಾಪದಗಳ ಕೆಲಸವನ್ನು ಕೈಗಳು ಮಾಡುತ್ತಿದ್ದವು. ನಾನಿಲ್ಲಿ ಅದನ್ನು ನೆಟ್ಟಗಿನ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನನ್ನು ಅವರು ತಮ್ಮ ಭಾಷೆಯಲ್ಲಿ “ದೊಮ್ನುಲೆ ಇಂಜಿನೆರ್” ಎನ್ನುತ್ತಿದ್ದರು. ಇಂಜಿನಿಯರ್ ಸಾಹೇಬರೇ ಎಂದು ಅರ್ಥ. ಪಕ್ಕದ ಊರು ಕೆಂಟ್‌ನ ಕಾರ್ಖಾನೆಯೊಂದರಲ್ಲಿ ವಿಮಾನದ ಬಾಗಿಲ ಕೀಲುಗಳಲ್ಲಿ ಬಿರುಕು ಹುಡುಕುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೇ ಸಂಬಳ ಕೊಡುವ ಇಂಥ ನೌಕರಿ ನನಗಲ್ಲದೆ ಇನ್ಯಾರಿಗೆ ಸಿಗಬೇಕು?

ಕೆಂಟ್‌ನಲ್ಲಿ ಕೆಲಸ ಎಂದು ಮೊದಲ ಸಲ ಹೇಳಿದಾಗ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಅವರ ಊರಿನಲ್ಲಿ ಕೆಂಟ್ ಎಂದರೆ ವಿದೇಶಿ ಸಿಗರೇಟಂತೆ. ಯಾರೂ ಸೇದುತ್ತಿರಲಿಲ್ಲ. ಡಾಕ್ಟರಿಗೆ ಒಂದು ಪ್ಯಾಕು, ನಲ್ಲಿ ರಿಪೇರಿಯವನಿಗೆ ಒಂದು, ಮಾಂಸದಂಗಡಿಯವನಿಗೆ ಒಂದು ಹೀಗೆ ಅದು ಒಡೆಯದೆ ಕೈಯಿಂದ ಕೈಗೆ ತಿರುಗುತ್ತಿತ್ತು. “ಕೆಂಟ್ ಒಳಗೇ ಕೆಲಸ ಅಂದ್ರೆ! ನಮ್ಮೂರಲ್ಲಿ ಆಗಿದ್ರೆ ಮಂತ್ರಿ ತನ್ನ ಮಗಳನ್ನೇ ಕೊಡ್ತಿದ್ದ ನಿಮಗೆ.”

ಉಳಿದ ಕತೆಗಳು ನನಗೆ ಸಿಕ್ಕಿದ್ದು ಹಿಂದಿನ ಮೆಟ್ಟಿಲುಗಳ ಮೇಲೆ, ಅವರು ಆಲೂಗಡ್ಡೆ ಸುಲಿಯುತ್ತ ಕುಳಿತಿರುವಾಗ. ಸಿಪ್ಪೆ ಎಷ್ಟು ತೆಳುವಾಗಿ ಬರುತ್ತಿತ್ತೆಂದರೆ ಅದರಾಚೆಯ ಬೆಳಕು ಕಾಣುತ್ತಿತ್ತು. ಕಮ್ಯುನಿಸ್ಟರ ಕಾಲದ ಕೊನೆಯ ವರ್ಷಗಳಲ್ಲಿ ಬ್ರೆಡ್ಡು ಕಾರ್ಡಿನ ಮೇಲೆ, ಅದೂ ತಮ್ಮ ಬೀದಿಯ ಅಂಗಡಿಯಲ್ಲಿ ಮಾತ್ರ. ಸಕ್ಕರೆ, ಎಣ್ಣೆ ತಿಂಗಳಿಗೊಮ್ಮೆ. ಕೋಳಿ ಬಂತು ಎಂದು ಓಡಿದರೆ ಸಿಗುತ್ತಿದ್ದುದು ಅದರ ಕಾಲು, ಕುತ್ತಿಗೆ, ತಲೆ. ಮಿಕ್ಕ ಕೋಳಿ ವಿದೇಶಕ್ಕೆ ಹೋಗಿರುತ್ತಿತ್ತು. ಆ ಪೊಟ್ಟಣಕ್ಕೆ ಜನ ‘ಚಮಚ-ಫೋರ್ಕು’ ಎಂದು ಹೆಸರಿಟ್ಟಿದ್ದರು. ಕಾಫಿ ಎಂಬ ಹೆಸರಿನಲ್ಲಿ ಏನೇನೋ ಹುರಿದ ಕಾಳಿನ ಪುಡಿ ಬರುತ್ತಿತ್ತು, ಕುಡಿದರೆ ಕುದುರೆಯ ಹಾಗೆ ಕೆನೆಯಬೇಕು ಅನ್ನಿಸುತ್ತಿತ್ತಂತೆ. ಅಂಗಡಿ ಬರಿದಾಗಿ ಕಾಣಬಾರದೆಂದು ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಗೆಯ ಉಪ್ಪಿನಕಾಯಿ ಬಾಟಲಿಗಳನ್ನು ಸಾಲಾಗಿ ಜೋಡಿಸಿಡುತ್ತಿದ್ದರು. ಇಷ್ಟರ ಮೇಲೆ, ಮನೆಯಲ್ಲಿ ಒಂದು ತಿಂಗಳಿಗಾಗಿ ಮಿಗುವಷ್ಟು ದಿನಸಿ ಕೂಡಿಟ್ಟವರಿಗೆ ಜೈಲು. ಅಜ್ಜಿಯ ಗಂಡ ಸಕ್ಕರೆಯ ಚೀಲವನ್ನು ಹಾಸಿಗೆಯ ಒಳಗೆ ಹೊಲಿದಿಟ್ಟು ಅದರ ಮೇಲೆ ಮಲಗುತ್ತಿದ್ದರಂತೆ. “ಪಾಪ, ಅವರಿಗೆ ಬೆನ್ನುನೋವು,” ಎಂದರು ಅಜ್ಜಿ. “ಆದ್ರೆ ಆ ಗಟ್ಟಿ ಗಡ್ಡೆ ಮೇಲೆ ಮಲಗಿದಷ್ಟು ನೆಮ್ಮದಿಯಾಗಿ ಆಮೇಲೆ ಯಾವತ್ತೂ ಮಲಗಲಿಲ್ಲ.”

ನಾನೂ ಸುಮ್ಮನಿರಲಿಲ್ಲ. ಹುಬ್ಬಳ್ಳಿಯ ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಗಾಗಿ ಡಬ್ಬಿಗಳನ್ನು ಸಾಲಿಗಿಟ್ಟು ಕಾದದ್ದನ್ನು ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು: “ಅಂಗಡಿಯವನನ್ನ ಬೈತಿದ್ರಾ?”

“ಬಾಯ್ತುಂಬ. ನಮ್ಮಪ್ಪ ಅವನ ಮೂರು ತಲೆಮಾರು ಬೈದು, ಆಮೇಲೆ ಸರ್ಕಾರಕ್ಕೆ ಬರ್ತಿದ್ರು.”

“ಸಾಲಲ್ಲಿದ್ದವರ ಮುಂದೇನಾ?”

“ಸಾಲಲ್ಲಿದ್ದವರು ದನಿಗೂಡಿಸ್ತಿದ್ರು.”

ಅಜ್ಜಿ ನನ್ನನ್ನೇ ನೋಡಿದರು. ಅಸೂಯೆ ಅದು, ನನಗೆ ಅನುಮಾನವಿಲ್ಲ. ಅವರ ಸಾಲಿನಲ್ಲಿ ಹಿಂದೆ ನಿಂತವರ ಕಿವಿಗೂ ಹೆದರಬೇಕಿತ್ತು. ಚಳಿಯ ಬಗ್ಗೆ ಮಾತ್ರ ಮಾತಾಡಬಹುದಿತ್ತು, ಅದೂ ಹೆಚ್ಚು ಚಳಿ ಎನ್ನುವಂತಿರಲಿಲ್ಲ. ಮನೆ ಬೆಚ್ಚಗಿಡುವ ಹೊಣೆ ಸರ್ಕಾರದ್ದಲ್ಲವೇ?

ಈ ನಡುವೆ ಬಾಟಲಿಗಳ ಓಡಾಟ ಶುರುವಾಗಿತ್ತು. ಮೊದಲು ಬಂದದ್ದು ಸುಟ್ಟ ಬದನೆಕಾಯಿ, ಕೆಂಪು ದೊಣ್ಣೆಮೆಣಸಿನಕಾಯಿಗಳನ್ನು ಎಣ್ಣೆಯಲ್ಲಿ ಬೇಯಿಸಿ ತುಂಬಿದ ಒಂದು ಗಾಜಿನ ಬಾಟಲಿ. ಹೆಂಡತಿ ಬೆರಳ ತುದಿಯಲ್ಲಿ ರುಚಿ ನೋಡಿ, “ಇದು ನಮ್ಮ ಬದನಿಕಾಯಿ ಭರ್ತನ ರೀ. ಖಾರ ಹಾಕೂದೊಂದು ಮರ್ತಾರ ಪಾಪ” ಎಂದಳು. ತಿಂದು ಮುಗಿಸಿ ಬಾಟಲಿ ತೊಳೆದಳು. ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅವಳು ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟಳು. ವಾರದೊಳಗೆ ಪ್ಲಮ್ ಹಣ್ಣಿನ ಜಾಮು ಬಂತು. ನಮ್ಮದೊಂದು ಬಾಟಲಿಗೆ ಅವಲಕ್ಕಿ ಚೂಡಾ ತುಂಬಿ ಹೋಯಿತು. ಚೆರ್ರಿ ಬಂತು, ಗುರೆಳ್ಳು ಪುಡಿ ಹೋಯಿತು.

ಅಜ್ಜಿಗೂ ಒಂದು ನಿಯಮವಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವರ ಊರಿನಲ್ಲಿ ಪಡೆದುಕೊಂಡು ತಿರುಗಿ ಕೊಡದವರಿಗೆ, ಮುಂದಿನ ಸಲ ಮೊಟ್ಟೆ ಬಂದಾಗ ಯಾರೂ ಸುದ್ದಿ ಮುಟ್ಟಿಸುತ್ತಿರಲಿಲ್ಲ. ಬದುಕಬೇಕಾದರೆ ಕೊಡಲೇಬೇಕು. ಹೀಗೆ ಗೋಡೆಯ ಎರಡೂ ಬದಿಗೆ ಎರಡು ಹಳೆಯ ಕಟ್ಟಳೆಗಳು ಕುಳಿತಿದ್ದವು, ನಿಲ್ಲಿಸುವವರು ಯಾರೂ ಇರಲಿಲ್ಲ.

“ಅಜ್ಜಿ ಮತ್ತ ಬಾಟ್ಲಿ ಕೊಟ್ಟಾರ ರೀ.”

“ಮತ್ತ?”

“ಹೂಂ. ಈ ಸಲ ತಿರುಗಿ ಏನೂ ಕೊಡದ ಮುಗಿಸಿಬಿಡ್ಲೇನು?”

“ಛೇ, ಏನೂ ಕೊಡದ ಹೆಂಗ ಬಿಡ್ತಿ?”

“ಹಂಗಾರ ಬರ್ರಿ, ಬೇಸನ್ ಉಂಡಿ ನೀವ ಕಟ್ರಿ.”

ಜಾಮು ತಿನ್ನುವವರಾದರೂ ಯಾರು? ನನ್ನ ರಕ್ತದಲ್ಲಿ ಆಗಲೇ ಸಕ್ಕರೆ ಬೇಕಾದುದಕ್ಕಿಂತ ಹೆಚ್ಚಿತ್ತು. ನಮ್ಮ ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋಗಿದ್ದಳು. ‘ಯಾರಾರ ಬಂದಾಗ ತೆಗಿಯೂಣ’ ಎಂದು ಹೆಂಡತಿ ಬಾಟಲಿಗಳನ್ನು ಗರಾಜಿನ ಹಲಗೆಯ ಮೇಲಿಡುತ್ತ ಹೋದಳು. ಆ ಹಲಗೆ ನನ್ನದು. ಸಿಯಾಟಲ್ ಸುತ್ತಮುತ್ತ ಎಲ್ಲರ ಬಾಯಲ್ಲೂ ದೊಡ್ಡ ಭೂಕಂಪದ ಮಾತಿದ್ದ ವರ್ಷಗಳು ಅವು. ಎರಡು ವಾರಕ್ಕಾಗುವಷ್ಟು ಅನ್ನ ನೀರು ಮನೆಯಲ್ಲಿರಲಿ ಎಂದು ಬಲ್ಲವರು ಹೇಳುತ್ತಿದ್ದರು. ಬಲ್ಲವರು ಎರಡು ವಾರ ಎಂದರೆ ನಾನು ಎರಡು ತಿಂಗಳು ಎಂದುಕೊಳ್ಳುವವನು. ಸೋನಾ ಮಸೂರಿಯ ಮೂಟೆ, ತೊಗರಿಬೇಳೆ, ನೀರಿನ ಕ್ಯಾನು, ಟಾರ್ಚು, ಟಾರ್ಚಿಗೆ ಬ್ಯಾಟರಿ, ಆ ಬ್ಯಾಟರಿ ಕೈಕೊಟ್ಟರೆ ಎಂದು ಇನ್ನೊಂದಿಷ್ಟು ಬ್ಯಾಟರಿ. ರಜೆಗೆ ಬಂದ ಮಗಳು ಗರಾಜು ನೋಡಿ, ಆಮೇಲೆ ಅಜ್ಜಿಗೆ ಹಲೋ ಹೇಳಲು ಹೋಗಿ ಬಂದು, “ಡ್ಯಾಡ್, ಯು ಟೂ ಆರ್ ದ ಸೇಮ್ ಪರ್ಸನ್” ಎಂದಿದ್ದಳು.

ಅಜ್ಜಿಯ ಮನೆಯೊಳಗೆ ನಾನು ಹೆಚ್ಚು ಹೋದವನಲ್ಲ. ಹೋದಾಗ ಅಡ್ಡಡ್ಡಲಾಗಿ ನಡೆಯಬೇಕಾಗುತ್ತಿತ್ತು. ಪಡಸಾಲೆಯ ಎರಡೂ ಗೋಡೆಗೆ ಹಿಟ್ಟು, ಸಕ್ಕರೆ, ಎಣ್ಣೆಯ ಪೆಟ್ಟಿಗೆಗಳಿದ್ದವು, ಮೇಲೆ ಕಸೂತಿ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದರು. ಎಲ್ಲವೂ ಅಚ್ಚುಕಟ್ಟು; ಒಂದು ಕಣ ಧೂಳಿರಲಿಲ್ಲ. ಆದರೆ ಒಂದು ಚಳಿಗಾಲದಲ್ಲಿ ಅವರು ಜ್ವರ ಬಂದು ತಲೆ ತಿರುಗಿ ಬಿದ್ದರು. ಆಂಬುಲೆನ್ಸಿನವರ ಸ್ಟ್ರೆಚರು ಪೆಟ್ಟಿಗೆಗಳ ನಡುವೆ ಸಿಕ್ಕಿಕೊಂಡಿತು. ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿ ಎತ್ತಿ ತರಬೇಕಾಯಿತು.

ಜ್ವರ ವಾಸಿಯಾಯಿತು. ಅಜ್ಜಿಯ ಮಗಳ ಪಟ್ಟು ವಾಸಿಯಾಗಲಿಲ್ಲ: ಒಂದೋ ಈ ದಾಸ್ತಾನು ಹೋಗಬೇಕು, ಇಲ್ಲವೇ ಅಮ್ಮ ಸಮಾಮಿಶ್‌ಗೆ ಬರಬೇಕು. ಅಜ್ಜಿಗೆ ಎರಡೂ ಬೇಡ. ಸಮಾಮಿಶ್‌ನಲ್ಲಿ ಕಾರಿಲ್ಲದೆ ಒಂದು ಈರುಳ್ಳಿಯನ್ನೂ ತರಲಾಗದು. ಇಲ್ಲಿ ಅವರು ದಿನಾ ಅಂಗಡಿಗೆ ನಡೆದು ಹೋಗುತ್ತಿದ್ದರು, ಏನಾದರೊಂದು ಹಿಡಿದು ಬರುತ್ತಿದ್ದರು.

ಮಗಳು ಬರುವ ಹಿಂದಿನ ದಿನ ಅಜ್ಜಿ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಬಾಟಲಿಯಿರಲಿಲ್ಲ.

“ದೊಮ್ನುಲೆ ಇಂಜಿನೆರ್, ನನ್ನ ಮಾತು ಅವಳು ಕೇಳಲ್ಲ. ನಿಮ್ಮ ಮಾತು ಕೇಳ್ತಾಳೆ. ಇದು ರೋಗ ಅಲ್ಲ ಅಂತ ಹೇಳಿ. ಸ್ವಲ್ಪ ತೆಗೀತೀನಿ, ದಾರಿ ಮಾಡ್ತೀನಿ. ಆದ್ರೆ ಮನೇಲಿ ನನ್ನದು ಅಂತ ಏನಾದ್ರೂ ಇರ್ಬೇಕು. ಒಂದು ಕಪಾಟಾದ್ರೂ.”

ಇಂಥ ಹೊಣೆ ಹೊತ್ತರೆ ನನಗೆ ಊಟ ಸೇರುವುದಿಲ್ಲ. ಏನು ಹೇಳಬೇಕೆಂದು ಹೆಂಡತಿಯ ಮುಂದೆ ಮತ್ತೆ ಮತ್ತೆ ಅಭ್ಯಾಸ ಮಾಡಿದೆ. ಅವಳು, “ಸಣ್ಣದಾಗಿ ಹೇಳ್ರಿ. ನೀವು ವಿವರಿಸ್ಲಿಕ್ಕೆ ಹೋದ್ರ ಕೆಡ್ತದ” ಎಂದಳು. ಕೇಳಬೇಕಿತ್ತು.

ಮಗಳು ನನ್ನದೇ ವಯಸ್ಸಿನ ಆಸುಪಾಸಿನವಳು, ಸೌಮ್ಯ ಹೆಂಗಸು. ಗೇಟಿನ ಬಳಿಯೇ ನಿಲ್ಲಿಸಿ ಮಾತು ತೆಗೆದೆ. ನಿಮ್ಮ ತಾಯಿಯ ಮನೆಯಲ್ಲಿ ದಾರಿ ಬಿಡಿಸೋಣ, ಕಪಾಟುಗಳನ್ನು ಗೋಡೆಗೆ ಬಿಗಿಯೋಣ, ಅದು ನನ್ನ ಕೆಲಸ ಎಂದೆ. ಆಕೆ ತಲೆದೂಗುತ್ತಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನನ್ನ ವಾದಕ್ಕೆ ಪುರಾವೆ ಬೇಕೆನ್ನಿಸಿತು. “ಕೂಡಿಡೋದು ಹುಚ್ಚಲ್ಲ. ಈಗ ಎಲ್ಲರೂ ಮಾಡ್ತಾರೆ. ಬನ್ನಿ, ನಮ್ಮ ಗರಾಜು ತೋರಿಸ್ತೀನಿ,” ಎಂದು ಹೆಮ್ಮೆಯಿಂದ ಬಾಗಿಲು ಎತ್ತಿಸಿದೆ.

ಆಕೆ ಅಕ್ಕಿ ಮೂಟೆ ನೋಡಿದಳು, ನೀರಿನ ಕ್ಯಾನು ನೋಡಿದಳು. ಆಮೇಲೆ ಹಲಗೆಯ ಇನ್ನೊಂದು ತುದಿಗೆ ಹೋಗಿ ನಿಂತಳು. ಅಲ್ಲಿ ಅವಳ ತಾಯಿಯ ಬಾಟಲಿಗಳಿದ್ದವು. ಪ್ಲಮ್, ಚೆರ್ರಿ, ಕ್ವಿನ್ಸ್ ಹಣ್ಣು, ಬದನೆಕಾಯಿ. ಒಂದರ ಮುಚ್ಚಳವೂ ತೆರೆದಿರಲಿಲ್ಲ.

“ಇವನ್ನ ಅಮ್ಮ ಕೊಟ್ಟಿದ್ದಾ?”

“ಹೌದು. ತುಂಬ ರುಚಿ,” ಎಂದೆ.

ಆಕೆ ನನ್ನನ್ನು ಗೋಡೆಯ ಆಚೆಗೆ ಕರೆದುಕೊಂಡು ಹೋದಳು. ಅಜ್ಜಿಯ ಅಡುಗೆಮನೆಯ ಮೇಲಿನ ಕಪಾಟು ತೆರೆದಳು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಚೂಡಾ, ಉಂಡಿ ಎಲ್ಲವೂ ಪ್ಲಾಸ್ಟಿಕ್ಕು ಸುತ್ತಿ, ದಾರ ಕಟ್ಟಿ, ಸಾಲಾಗಿ ಕುಳಿತಿದ್ದವು. ನನ್ನ ಹೆಂಡತಿ ಬೆವರು ಸುರಿಸಿ ಕುಟ್ಟಿದ್ದು ಒಂದೂ ಖರ್ಚಾಗಿರಲಿಲ್ಲ. ಪಡಸಾಲೆಯ ಪೆಟ್ಟಿಗೆಗಳಲ್ಲಿ ಸಕ್ಕರೆ ಮತ್ತು ಖಾಲಿ ಬಾಟಲಿಗಳು, ನಮಗಾಗಿ ಇನ್ನೂ ಮಾಡಬೇಕಾದ ಜಾಮಿಗೆಂದು ತಂದಿಟ್ಟವು. ಸ್ಟ್ರೆಚರು ಸಿಕ್ಕಿಕೊಂಡದ್ದು ಅವುಗಳ ನಡುವೆಯೇ ಎಂದು ಆಕೆ ಕೈಮಾಡಿ ತೋರಿಸಿದಳು.

“ಯಾಕೆ ತಿನ್ನಲಿಲ್ಲ ಅಮ್ಮ?” ಎಂದು ಇಂಗ್ಲಿಷಿನಲ್ಲೇ ಕೇಳಿದಳು, ನನಗೂ ತಿಳಿಯಲೆಂದು.

“ಒಳ್ಳೇದು. ಕೆಡಲ್ಲ. ಕಷ್ಟಕಾಲಕ್ಕೆ ಅಂತ ಇಟ್ಟೆ,” ಎಂದರು ಅಜ್ಜಿ.

ಮಗಳು ಪೆಟ್ಟಿಗೆಯೊಂದರ ಮೇಲೆ ಕುಳಿತು ನಗತೊಡಗಿದಳು. ಎರಡು ಮನೆಯವರು ಒಬ್ಬರಿಗೊಬ್ಬರು ಅಡುಗೆ ಮಾಡಿ, ಒಬ್ಬರದನ್ನೊಬ್ಬರು ಬಚ್ಚಿಟ್ಟು, ಆ ಮೊದಲ ಬಾಟಲಿಯ ಹೊರತು ಯಾರೂ ಏನನ್ನೂ ತಿಂದಿರಲಿಲ್ಲ. ನಾನೂ ನಕ್ಕೆ. ಆಮೇಲೆ ನೋಡಿದರೆ ಆಕೆ ನಗುತ್ತಿರಲಿಲ್ಲ.

“ನಾನು ಚಿಕ್ಕವಳಿದ್ದಾಗ ಇವಳ ಜಾಗ ಹಿಡಿದು ಸಾಲಲ್ಲಿ ನಿಲ್ತಿದ್ದೆ. ಕತ್ತಲಲ್ಲಿ, ಹಿಮದಲ್ಲಿ,” ಎಂದು ನನ್ನ ಕಡೆ ತಿರುಗಿ ಹೇಳಿದಳು. “ನಂಗೆ ಈಗ ಖಾಲಿ ಶೆಲ್ಫ್ ನೋಡಿದ್ರೇನೇ ಉಸಿರಾಡೋಕಾಗೋದು. ಒಂದು ಕಪಾಟು ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಇದೇ ಆಗುತ್ತೆ. ನೀವೇ ತೋರಿಸಿದ್ರಲ್ಲ.”

ಲೋಕದ ಅನಾಹುತಗಳನ್ನೆಲ್ಲ ಮುಂಚಿತವಾಗಿ ಊಹಿಸಿ ಬೆವರುವ ನನಗೆ, ನನ್ನದೇ ಗರಾಜಿನ ಬಾಗಿಲೆತ್ತಿದರೆ ಏನಾದೀತೆಂದು ಹೊಳೆದಿರಲಿಲ್ಲ. ಅಜ್ಜಿ ಬೈಯಲಿಲ್ಲ. ನನ್ನ ತೋಳು ತಟ್ಟಿ, “ಪ್ರಯತ್ನ ಮಾಡಿದ್ರಿ” ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಜ್ಜಿ ಸಮಾಮಿಶ್‌ಗೆ ಹೋಗುವುದೆಂದು ತೀರ್ಮಾನವಾಯಿತು. ಸರಕನ್ನು ಖಾಲಿ ಮಾಡಲು ನಮ್ಮ ವ್ಯಾನನ್ನೇ ಕೊಟ್ಟೆ. ಕೆಡದಿದ್ದ ಹಿಟ್ಟು, ಎಣ್ಣೆ, ಸಕ್ಕರೆಯನ್ನು ಬಡವರಿಗೆ ದಿನಸಿ ಹಂಚುವ ಕೇಂದ್ರವೊಂದಕ್ಕೆ ಒಯ್ದೆವು. ಅಜ್ಜಿ ಒಂದೊಂದು ಪೆಟ್ಟಿಗೆಯನ್ನೂ ಮುಟ್ಟಿ ಇಳಿಸಿಕೊಟ್ಟರು. ರಸೀದಿ ಬೇಕೇ ಎಂದು ಅಲ್ಲಿಯವರು ಕೇಳಿದಾಗ ಅವರಿಗೆ ಗಾಬರಿಯಾಯಿತು. ಇಷ್ಟೊಂದು ಇತ್ತು ಎಂದು ಕಾಗದದಲ್ಲಿ ಬರೆಸಿಕೊಳ್ಳುವುದುಂಟೇ? ಬೇಡ ಬೇಡ ಎಂದು ಕೈಯಾಡಿಸಿ ಬಂದು ವ್ಯಾನಿನಲ್ಲಿ ಕುಳಿತರು. ಹೆಂಡತಿ ಮನೆಯಲ್ಲಿ ಪ್ಲಮ್ ಜಾಮಿನ ಬಾಟಲಿ ತೆರೆದು ನಮ್ಮಿಬ್ಬರ ಚಪಾತಿಗೂ ಸವರಿದಳು. “ತಿನ್ರಿ. ಶುಗರ್ ಬಂದ್ರ ಬರ್ಲಿ,” ಎಂದಳು. ತಿಂದೆವು. ಬಹಳ ಚೆನ್ನಾಗಿತ್ತು.

ಸಮಾಮಿಶ್ ನಮ್ಮ ಮನೆಯಿಂದ ಅಂಥ ದೂರವೇನೂ ಅಲ್ಲ. ಆದರೆ ಹೋಗೋಣ ಎಂದಾಗಲೆಲ್ಲ ನನಗೆ ಒಂದಲ್ಲ ಒಂದು ಚಿಂತೆ: ಮಳೆ, ಟ್ರಾಫಿಕ್ಕು, ಅಜ್ಜಿಯ ಮಗಳಿಗೆ ನಾವು ಬರುವುದು ಇಷ್ಟವೋ ಇಲ್ಲವೋ. ಕೊನೆಗೆ ಹೋದದ್ದು ಬೇಸಿಗೆಯಲ್ಲಿ. ದೊಡ್ಡ ಕಿಟಕಿ, ಕಿಟಕಿಯ ತುಂಬ ಫರ್ ಮರಗಳು. ಅಡುಗೆಮನೆ ಆಸ್ಪತ್ರೆಯಷ್ಟು ಬೋಳು. ಅಜ್ಜಿ ಫ್ರಿಜ್ಜು ತೆರೆದು ತೋರಿಸಿದರು. ಒಂದು ಮೊಸರಿನ ಡಬ್ಬಿ, ಅರ್ಧ ನಿಂಬೆಹಣ್ಣು, ಸೊಪ್ಪು.

“ಶನಿವಾರ ಕೊಡ್ತಾರೆ,” ಎಂದರು.

ಮಗಳು ಶನಿವಾರಕ್ಕೊಮ್ಮೆ ಫೋನಿನಲ್ಲಿ ಸಾಮಾನು ತರಿಸುತ್ತಿದ್ದಳು. ಬೇಕಾದುದನ್ನು ಕೇಳು ಎಂದು ಅಮ್ಮನಿಗೆ ಪ್ರತಿ ವಾರವೂ ಹೇಳುತ್ತಿದ್ದಳಂತೆ. ಅಜ್ಜಿ ಪ್ರತಿ ವಾರವೂ ಏನೂ ಬೇಡ ಎನ್ನುತ್ತಿದ್ದರು. ಅವಳು ಒಳ್ಳೆಯವಳು, ಊಟ ಚೆನ್ನಾಗಿದೆ, ಹಾಸಿಗೆ ಮೆತ್ತಗಿದೆ ಎಂದರು.

ದಿಬ್ಬದ ಕೆಳಗಿನ ದೊಡ್ಡ ಅಂಗಡಿಗೆ ಹೋಗೋಣವೇ ಎಂದು ಕೇಳಿದ್ದೇ ತಡ, ಸ್ಕಾರ್ಫು ಕಟ್ಟಿಕೊಂಡು ಕಾರಿನಲ್ಲಿ ಕುಳಿತೇಬಿಟ್ಟರು. ಅಂಗಡಿಯೊಳಗೆ ನಾನು ಗಾಡಿ ತಳ್ಳುತ್ತ ಅವರ ಹಿಂದೆ ನಡೆದೆ. ಒಂದು ಸಾಲನ್ನೂ ಬಿಡಲಿಲ್ಲ. ಹಿಟ್ಟಿನ ಚೀಲವನ್ನು ಅಂಗೈಯಿಂದ ಒತ್ತಿ ನೋಡಿದರು. ಎಣ್ಣೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹೆಸರು ಕಾಣುವಂತೆ ತಿರುಗಿಸಿ ಮತ್ತೆ ಅಲ್ಲೇ ಇಟ್ಟರು. ಕೊನೆಯ ಸಾಲು ಮುಗಿದಾಗ ಗಾಡಿ ಖಾಲಿಯಿತ್ತು.

“ಏನಾದ್ರೂ ತಗೊಳ್ಳಿ,” ಎಂದೆ.

“ತಗೊಂಡು ಎಲ್ಲಿಡ್ಲಿ?” ಎಂದರು.

ನನಗೆ ತಡೆಯಲಾಗಲಿಲ್ಲ. ಹಿಂದಕ್ಕೆ ಹೋಗಿ ಸಕ್ಕರೆಯ ಒಂದು ಚೀಲ ಎತ್ತಿಕೊಂಡು ಬಂದೆ. ನಮ್ಮ ಮನೆಗೆ ಬೇಕಿತ್ತು ಎಂದು ಸುಳ್ಳು ಹೇಳಿದೆ. ಕಾರಿನಲ್ಲಿ ಅದನ್ನು ಹಿಂದಿನ ಸೀಟಿನಲ್ಲಿಡಲು ಹೋದಾಗ ಅಜ್ಜಿ ಕೈಚಾಚಿ ಇಸಿದುಕೊಂಡರು. ದಿಬ್ಬ ಹತ್ತುವಷ್ಟು ಹೊತ್ತೂ ಅದನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳನ್ನು ಮೇಲಿಟ್ಟು, ರಸ್ತೆಯನ್ನೇ ನೋಡುತ್ತ ಕುಳಿತಿದ್ದರು. ನಾನು ಎಂದಿಗಿಂತಲೂ ನಿಧಾನವಾಗಿ ಓಡಿಸಿದೆ. ಹಿಂದಿನವರು ಹಾರ್ನ್ ಹೊಡೆದರು. ಮನೆಯ ಮುಂದೆ ಕಾರು ನಿಂತಾಗ ಮಗಳು ಬಾಗಿಲಲ್ಲಿ ಕಾಣಿಸಿಕೊಂಡಳು. ಅಜ್ಜಿ ಇಳಿಯುವ ಮೊದಲು ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟು, ಸೀರೆಯ ನೆರಿಗೆ ಸರಿಮಾಡುವ ನಮ್ಮ ಹೆಂಗಸರಂತೆ ತಮ್ಮ ಲಂಗವನ್ನು ಎರಡೂ ಕೈಯಿಂದ ನೇವರಿಸಿಕೊಂಡು, ಒಳಗೆ ಹೋದರು.